ಮಳೆ ಜೋರಾದರೆ ಮಗ ಬೂಟು ಹಾಕಿಕೊಂಡೇ ಮಲಗುತ್ತಾನೆ. ಇದು ಸ್ವಭಾವವೋ, ಕಲಿತದ್ದೋ?

ಹಟ್ಟಿಹೊಳೆ ದಾರಿ
ಜುಲೈ 4, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಗುಡ್ಡಕ್ಕೆ ಒರಗಿದ ಹಾಗೆ ನಮ್ಮ ಮನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಉಳಿಯಿತು, ಹಿಂದಿನ ಕಾಫಿ ತೋಟ ಅರ್ಧ ಹೋಯಿತು. ಆ ರಾತ್ರಿ ಮಗನಿಗೆ ಐದು ವರ್ಷ. ಮಳೆಯಲ್ಲಿ ಅವನನ್ನು ಎತ್ತಿಕೊಂಡು ರಸ್ತೆಯವರೆಗೆ ಓಡಿದವಳು ನಾನೇ. ಬರಿಗಾಲಲ್ಲಿದ್ದ. ಕೆಸರಲ್ಲಿ ಇಳಿಸಿದಾಗ ಕಾಲಿಗೆ ಗಾಜು ಚುಚ್ಚಿತ್ತು.

ಈಗ ಏಳನೇ ಕ್ಲಾಸು. ಹಗಲು ಎಲ್ಲ ಹುಡುಗರ ಹಾಗೆಯೇ ಇರುತ್ತಾನೆ. ರಾತ್ರಿ ಶೀಟಿನ ಮೇಲೆ ಮಳೆ ಜೋರಾದ ಕೂಡಲೇ ಎದ್ದು ಕೂರುತ್ತಾನೆ, ಕೈ ತಣ್ಣಗಾಗಿರುತ್ತದೆ. ಜೂನ್ ಬಂತೆಂದರೆ ಬೂಟು ಹಾಕಿಕೊಂಡೇ ಮಲಗುತ್ತಾನೆ. ನಮ್ಮತ್ತೆಯೂ ಅಷ್ಟೆ, ಆರ್‌ಟಿಸಿ, ಆಧಾರ್, ಔಷಧಿ ತುಂಬಿದ ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ, ಏಳು ವರ್ಷದಿಂದ ಅದು ಅಲ್ಲಿಂದ ಇಳಿದಿಲ್ಲ. ಆದರೆ ಅದೇ ರಾತ್ರಿ ಅದೇ ಮನೆಯಿಂದ ಓಡಿದ ಮಗಳು ಹೊದ್ದುಕೊಂಡರೆ ಬೆಳಗಿನವರೆಗೆ ಏಳುವುದಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಎರಡು ತಿಂಗಳು ಮೈಸೂರಿನಲ್ಲಿ ನನ್ನ ತಂಗಿ ಮನೆಯಲ್ಲಿ ಇಟ್ಟಿದ್ದೆವು. ಅಲ್ಲಿ ಮಳೆ ಬಂದರೂ ನಿದ್ದೆ ಮಾಡಿದ. ಹೋಯಿತು ಅಂದುಕೊಂಡೆವು. ಊರಿಗೆ ಬಂದ ಮೊದಲ ರಾತ್ರಿಯೇ ಮತ್ತೆ ಬೂಟು.

ಈ ವಾರ ಶಾಲೆಯಲ್ಲಿ ಯಾರೋ ಇವನನ್ನು ಎಲ್ಲರೆದುರು ‘ಪುಕ್ಕಲ’ ಅಂದರಂತೆ. ಅದನ್ನು ನುಂಗಲಾಗುತ್ತಿಲ್ಲ ನನಗೆ. ನಮ್ಮ ನಾದಿನಿ ಬಿ.ಎಡ್. ಓದುತ್ತಿದ್ದಾಳೆ, "ಅತ್ತಿಗೆ, ಇದು ಪಾವ್ಲೋವ್ ನಾಯಿಯ ಪಾಠವೇ" ಅಂದಳು. ನಿಜವೇ? ಕಲಿತದ್ದಾದರೆ ಮರೆಸಲು ಬರುತ್ತದೆಯೇ?

ಎರಡನೇ ವರ್ಷ ಬಿ.ಎಡ್.
ಜುಲೈ 5, ಬೆಳಿಗ್ಗೆ 7:05

ಅಕ್ಕಾ, ನಿಮ್ಮ ನಾದಿನಿ ಹೇಳಿದ್ದು ಬಹುಪಾಲು ಸರಿ. ನಾವು ಇದನ್ನು ಅಭಿಜಾತ ಅನುಬಂಧನ ಅಂತ ಓದುತ್ತೇವೆ. ಪಾವ್ಲೋವ್ ಮನಶ್ಶಾಸ್ತ್ರದವನೇ ಅಲ್ಲ, ಜೀರ್ಣಕ್ರಿಯೆ ಅಭ್ಯಾಸ ಮಾಡಿದವನು. 1904ರ ನೊಬೆಲ್ ಬಂದದ್ದೂ ಅದಕ್ಕೇ. ಊಟದ ಮೊದಲು ಒಂದು ಸದ್ದು, ಆಮೇಲೆ ಊಟ, ಹೀಗೆ ಹಲವು ಸಲ ಆದ ಮೇಲೆ ಬರೀ ಸದ್ದಿಗೇ ನಾಯಿಗೆ ಜೊಲ್ಲು ಬರುತ್ತಿತ್ತು. ನಿಮ್ಮ ಮಗನಿಗೆ ಶೀಟಿನ ಮೇಲಿನ ಮಳೆ ಆ ಸದ್ದು. ಊಟದ ಜಾಗದಲ್ಲಿ ಗುಡ್ಡ ಇದೆ.

ಭಯದ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗ. ಹನ್ನೊಂದು ತಿಂಗಳ ಕೂಸು, ಆಲ್ಬರ್ಟ್ ಅಂತ ಬರೆದಿದ್ದಾರೆ. ಬಿಳಿ ಇಲಿ ಕಂಡರೆ ಅದಕ್ಕೆ ಮೊದಲು ಹೆದರಿಕೆಯೇ ಇರಲಿಲ್ಲ. ಇಲಿ ಮುಟ್ಟಲು ಹೋದಾಗ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದು ಬೆಚ್ಚಿಬೀಳಿಸಿದರು. ಕೆಲವೇ ಸಲಕ್ಕೆ ಇಲಿ ಕಂಡರೆ ಅಳು, ಆಮೇಲೆ ಮೊಲ ಕಂಡರೂ, ನಾಯಿ ಕಂಡರೂ, ತುಪ್ಪಳದ ಕೋಟು ಕಂಡರೂ ಅಳು. ಆ ಭಯವನ್ನು ತೆಗೆಯದೆಯೇ ಮಗುವನ್ನು ಕಳಿಸಿಬಿಟ್ಟರು. ತರಗತಿಯಲ್ಲಿ ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಒಳ್ಳೆಯದೂ ಇದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಪೀಟರ್ ಎಂಬ ಮೂರು ವರ್ಷದ ಹುಡುಗನ ಮೊಲದ ಭಯ ಬಿಡಿಸಿದಳು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೂ ಹತ್ತಿರ ತಂದಳು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಕೂರಿಸಿದಳು. ಕೊನೆಗೆ ಹುಡುಗ ಮೊಲವನ್ನು ಮುದ್ದಿಸಿದ.

ಸಿದ್ದಾಪುರ ತೋಟ
ಜುಲೈ 5, ಬೆಳಿಗ್ಗೆ 9:40

ನಮ್ಮ ಕಡೆ ಆನೆ ಕಂಡವರಿಗೆಲ್ಲ ಗೊತ್ತಿರುವ ಮಾತು ಹೇಳುತ್ತೇನೆ. ಮೊದಲ ಸಲ ಪಟಾಕಿ ಹೊಡೆದಾಗ ಇಡೀ ಹಿಂಡು ಓಡುತ್ತದೆ. ಹತ್ತನೇ ಸಲಕ್ಕೆ ಕಿವಿ ಬೀಸಿಕೊಂಡು ಹಲಸಿನ ಮರದ ಬುಡದಲ್ಲೇ ನಿಲ್ಲುತ್ತದೆ. ಸದ್ದು ಬಂದು ಏನೂ ಆಗದಿದ್ದರೆ ಯಾವ ಜೀವಕ್ಕೂ ಒಗ್ಗಿಹೋಗುತ್ತದೆ. ಸೋಲಾರ್ ಬೇಲಿಯದೂ ಅಷ್ಟೆ, ಶಾಕ್ ತಿಂದ ಆನೆಯೇ ಆಮೇಲೆ ಮರ ಉರುಳಿಸಿ ತಂತಿ ಕೆಡವುವುದನ್ನು ಕಲಿಯಿತು. ನಾವು ಈಗ ಹಲಸನ್ನು ಎಳೆಯದಾಗಿರುವಾಗಲೇ ಕೊಯ್ದು ಹಾಕುತ್ತೇವೆ. ಬಂದರೂ ಏನೂ ಸಿಗದಿದ್ದರೆ ಬರುವುದು ಕಡಿಮೆಯಾಗುತ್ತದೆ.

ಆದ್ದರಿಂದ ನನ್ನ ಸಲಹೆ: ಮೊಬೈಲಿನಲ್ಲಿ ಮಳೆ ಸದ್ದು ಹಾಕಿ ದಿನಾ ಕೇಳಿಸಿ. ಒಗ್ಗುತ್ತದೆ.

ಹಟ್ಟಿಹೊಳೆ ದಾರಿ
ಜುಲೈ 5, ಬೆಳಿಗ್ಗೆ 10:15

ಅಣ್ಣಾ, ಅದನ್ನೂ ಮಾಡಿ ನೋಡಿದೆವು. ನಮ್ಮವರು ಏಪ್ರಿಲ್‌ನಲ್ಲಿ ಸ್ಪೀಕರ್ ಇಟ್ಟು ಕೇಳಿಸಿದರು. ನಾಲ್ಕನೇ ದಿನಕ್ಕೆ ಸ್ಪೀಕರ್ ಸದ್ದಿಗೆ ಒಗ್ಗಿದ. ಮೇ ಕೊನೆಯಲ್ಲಿ ನಿಜವಾದ ಮಳೆ ಬಂದಾಗ ಸ್ಪೀಕರ್ ನೆನಪಿಗೇ ಬರಲಿಲ್ಲ. ಪುತ್ತರಿ ಹಬ್ಬದಲ್ಲಿ ಕೋವಿ ಹೊಡೆದರೆ ಕಿವಿ ಮುಚ್ಚದೆ ನಿಲ್ಲುವ ಹುಡುಗ ಅವನು. ಬರೀ ಸದ್ದಿನ ಹೆದರಿಕೆ ಅಲ್ಲ ಅಂತ ನನಗೆ ಅನಿಸುತ್ತದೆ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಜುಲೈ 5, ಮಧ್ಯಾಹ್ನ 2:30

ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ನಾನು. ನಾಯಿ, ಇಲಿ, ಆನೆ ಎಲ್ಲ ಆಯಿತು, ಈಗ ಮಗುವಿನ ಬಗ್ಗೆ ಮಾತಾಡೋಣ.

ವಾಟ್ಸನ್ 1913ರಲ್ಲಿ ವರ್ತನಾವಾದದ ಘೋಷಣೆಯಂಥ ಲೇಖನ ಬರೆದ: ಮನಸ್ಸಿನ ಒಳಗಿನ ಮಾತು ಬೇಡ, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಳೆಯೋಣ. ಮುಂದೆ ಒಂದು ಕಡೆ, ಆರೋಗ್ಯವಂತ ಡಜನ್ ಕೂಸುಗಳನ್ನು ನನ್ನ ಕೈಗೆ ಕೊಟ್ಟರೆ ಯಾರನ್ನು ಬೇಕಾದರೂ ವೈದ್ಯನನ್ನಾಗಿ, ವಕೀಲನನ್ನಾಗಿ, ಕಳ್ಳನನ್ನಾಗಿಯೂ ಮಾಡಿ ತೋರಿಸುತ್ತೇನೆ ಎಂದ. ಎಲ್ಲರೂ ಇಷ್ಟನ್ನೇ ಹೇಳುತ್ತಾರೆ. ಅದರ ಮುಂದಿನ ವಾಕ್ಯದಲ್ಲೇ ‘ನನ್ನ ಬಳಿ ಇರುವ ಪುರಾವೆ ಮೀರಿ ಮಾತಾಡುತ್ತಿದ್ದೇನೆ’ ಎಂದು ಅವನೇ ಒಪ್ಪಿಕೊಂಡದ್ದನ್ನು ಬಿಟ್ಟುಬಿಡುತ್ತಾರೆ.

ಒಂದೇ ರಾತ್ರಿ, ಒಂದೇ ಮನೆ, ಇಬ್ಬರು ಮಕ್ಕಳು. ಒಬ್ಬಳು ಮಲಗುತ್ತಾಳೆ, ಒಬ್ಬ ಏಳುತ್ತಾನೆ. ಪ್ರಚೋದನೆ-ಪ್ರತಿಕ್ರಿಯೆಯ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಾಲದು. 1956ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ದಂಪತಿ ಕೂಸುಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಲು ಶುರು ಮಾಡಿದರು. ಕೆಲವು ಮಕ್ಕಳು ಹುಟ್ಟಾ ಹೊಸದಕ್ಕೆ ಬೇಗ ಹೊಂದಿಕೊಳ್ಳುತ್ತವೆ, ಕೆಲವು ನಿಧಾನ. ಅವರು ಹೇಳಿದ ಮುಖ್ಯ ವಿಷಯ ಬೇರೆ. ಯಾವ ಸ್ವಭಾವವೂ ತಾನಾಗಿ ಕೆಟ್ಟದ್ದಲ್ಲ, ಮನೆ ಮತ್ತು ಶಾಲೆ ಅದಕ್ಕೆ ಹೊಂದಿಕೊಂಡರೆ ಮಗು ಚೆನ್ನಾಗಿ ಬೆಳೆಯುತ್ತದೆ, ಹೊಂದದಿದ್ದರೆ ತೊಂದರೆ.

ಆ ‘ಪುಕ್ಕಲ’ ಎಂಬ ಮಾತಿನ ಬಗ್ಗೆ. ವಾಲ್ಟರ್ ಮಿಷೆಲ್ 1968ರಲ್ಲಿ ವ್ಯಕ್ತಿತ್ವದ ಇಡೀ ಅಧ್ಯಯನಕ್ಕೇ ಒಂದು ಪ್ರಶ್ನೆ ಹಾಕಿದ. ಒಬ್ಬನಿಗೆ ಒಂದು ಗುಣದ ಹೆಸರು ಹಚ್ಚಿದರೆ, ಇನ್ನೊಂದು ಸಂದರ್ಭದಲ್ಲಿ ಅವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಅದರಿಂದ ಬಹಳ ಕಡಿಮೆ ಊಹಿಸಬಹುದು. ನಿಮ್ಮ ಹುಡುಗ ಕೋವಿ ಸದ್ದಿಗೆ ಹೆದರುವುದಿಲ್ಲ, ರಾತ್ರಿ ಮಳೆಗೆ ಹೆದರುತ್ತಾನೆ. ಹಾಗಿದ್ದರೆ ಅವನು ಪುಕ್ಕಲನೋ ಧೈರ್ಯವಂತನೋ? ಹೀಗಿದ್ದಾಗ ಹೀಗೆ, ಹಾಗಿದ್ದಾಗ ಹಾಗೆ. ಅವನ ಗುರುತು ಇರುವುದು ಆ ವಿವರದಲ್ಲಿ.

ನಾನೂ ಮಕ್ಕಳಿಗೆ ಇಂಥ ಹೆಸರು ಇಟ್ಟಿದ್ದೇನೆ, ಬೆತ್ತವನ್ನೂ ಹಿಡಿದಿದ್ದೇನೆ. ಶಿಕ್ಷೆ ಕೊಟ್ಟರೆ ಸಿಕ್ಕಿಬೀಳದ ಉಪಾಯವನ್ನು ಮಗು ಕಲಿಯುತ್ತದೆ, ಪಾಠವನ್ನಲ್ಲ. ವಾಟ್ಸನ್ ನಂತರದ ದೊಡ್ಡ ವರ್ತನಾವಾದಿ ಸ್ಕಿನ್ನರ್‌ನನ್ನು ಬೈಯುವವರು ಅವನು ಜೀವನವಿಡೀ ಶಿಕ್ಷೆಯ ವಿರುದ್ಧ ವಾದಿಸಿದ್ದನ್ನು ಓದಿರುವುದಿಲ್ಲ. ನಾನೂ ನಿವೃತ್ತಿಯಾದ ಮೇಲೆ ಓದಿದೆ. ಆ ಮಕ್ಕಳಲ್ಲಿ ಕೆಲವರು ಈಗ ಪೇಟೆಯಲ್ಲಿ ಸಿಗುತ್ತಾರೆ, ಮಾತಾಡಿಸುತ್ತಾರೆ. ನನಗೆ ಕಷ್ಟವಾಗುತ್ತದೆ.

ದುಬಾರೆ ಹೊಳೆ ದಡ
ಜುಲೈ 5, ರಾತ್ರಿ 8:50

ಮೇಷ್ಟ್ರೇ, ಆನೆ ಮಾತು ಬಿಡಿ ಅಂದಿರಿ, ಕ್ಷಮಿಸಿ, ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಮಾವುತರು, ಕಾವಾಡಿಗಳು ಇದ್ದಾರೆ. ಚಿಕ್ಕಂದಿನಿಂದ ನೋಡಿದ್ದೇನೆ.

ದಸರಾಕ್ಕೆ ಮೈಸೂರಿಗೆ ಹೋಗುವ ಆನೆಗೆ ಒಂದೇ ದಿನ ಅಂಬಾರಿ ಹೊರಿಸುವುದಿಲ್ಲ. ಅಂಬಾರಿ 750 ಕಿಲೋ. ಮೊದಲು ಬರೀ ನಡಿಗೆ, ಆಮೇಲೆ ಮರಳಿನ ಮೂಟೆ, ಆಮೇಲೆ ಇನ್ನಷ್ಟು ಮೂಟೆ, ಕೊನೆಗೆ ಮರದ ಅಂಬಾರಿ ಮತ್ತು ಮೂಟೆ. ಹೀಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಕಲಿಸುವುದನ್ನೇ ಸ್ಕಿನ್ನರ್ ಪಾರಿವಾಳಕ್ಕೆ ಮಾಡಿದ್ದು ಅಂತ ನಮ್ಮ ಲೆಕ್ಚರರ್ ಹೇಳಿದಾಗ ನಾನು ಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ. "ಅವರಿಗೂ ಗೊತ್ತಿತ್ತಾ?" ಅಂತ ಕೇಳಿದರು.

ಕುಶಾಲತೋಪಿನ ತಾಲೀಮೂ ಇದೆ. ಫಿರಂಗಿ ಸಿಡಿಸಿ ಆನೆ, ಕುದುರೆಗಳಿಗೆ ಸದ್ದು ಒಗ್ಗಿಸುತ್ತಾರೆ. ಹೊಸ ಆನೆಯನ್ನು ಹಳೆ ಆನೆಗಳ ನಡುವೆ ನಿಲ್ಲಿಸುತ್ತಾರೆ. ಮಾವುತ ಕುತ್ತಿಗೆ ಮೇಲೆ ಕೂತು ಮಾತಾಡುತ್ತಲೇ ಇರುತ್ತಾನೆ. ಸಿದ್ದಾಪುರದ ಅಣ್ಣ ಹೇಳಿದ ಹಾಗೆ ಬರೀ ಸದ್ದು ಕೇಳಿಸಿದರೆ ಸಾಲದು. ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರಲ್ಲೇ ಅರ್ಧ ಕೆಲಸ.

ಆದರೆ ನಾನು ಬರೆಯಲು ಕೂತದ್ದು ಬೇರೆ ಮಾತಿಗೆ. ಆ ತೋಪಿನಲ್ಲಿ ಗುಂಡು ಇರುವುದಿಲ್ಲ. ಅದಕ್ಕೇ ಆನೆಗೆ ಒಗ್ಗುತ್ತದೆ. ಅಕ್ಕಾ, ನಿಮ್ಮ ಗುಡ್ಡದಲ್ಲಿ ಮಣ್ಣು ಇನ್ನೂ ಇದೆ.

ಹಟ್ಟಿಹೊಳೆ ದಾರಿ
ಜುಲೈ 5, ರಾತ್ರಿ 9:30

ಕೊನೆಯ ಸಾಲು ಓದಿ ಅತ್ತೆಗೆ ಕೇಳಿಸಿದೆ. "ಇಷ್ಟು ದಿನ ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ" ಅಂದರು.

ಆಪ್ತಸಮಾಲೋಚಕಿ, ಮಡಿಕೇರಿ
ಜುಲೈ 6, ಮಧ್ಯಾಹ್ನ 1:10

ದುಬಾರೆಯವರು ಹೇಳಿದ ಆ ಮಾತು ನಮ್ಮ ವಿದ್ಯೆಯಲ್ಲಿ ಬಹಳ ತಡವಾಗಿ ಬಂದ ಮಾತು. ನಿಧಾನವಾಗಿ ಬರೆಯುತ್ತೇನೆ.

ಹಳೆಯ ಪಾಠದ ಪ್ರಕಾರ ಎರಡು ವಿಷಯ ಒಟ್ಟೊಟ್ಟಿಗೆ ಬಂದರೆ ಸಾಕು, ಮೆದುಳು ಗಂಟು ಹಾಕುತ್ತದೆ. 1960ರ ದಶಕದ ಕೊನೆಯಲ್ಲಿ ರಾಬರ್ಟ್ ರೆಸ್ಕೋರ್ಲಾ ಇಲಿಗಳ ಮೇಲೆ ಪ್ರಯೋಗ ಮಾಡಿ, ಅಷ್ಟು ಸಾಲದು ಎಂದು ತೋರಿಸಿದ. ಸದ್ದಿನ ಜೊತೆ ಶಾಕ್ ಬರುತ್ತದೆ, ಆದರೆ ಸದ್ದಿಲ್ಲದಾಗಲೂ ಅಷ್ಟೇ ಸಲ ಶಾಕ್ ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ಇಲಿ ಆ ಸದ್ದಿಗೆ ಹೆದರುವುದಿಲ್ಲ. ಏಕೆಂದರೆ ಸದ್ದು ಅದಕ್ಕೆ ಹೊಸದೇನನ್ನೂ ಹೇಳುತ್ತಿಲ್ಲ. ಸದ್ದು ಮುನ್ಸೂಚನೆಯಾದಾಗ ಮಾತ್ರ ಭಯ ಹುಟ್ಟುತ್ತದೆ. ಅಂದರೆ ಇಲಿಯೂ ಸುಮ್ಮನೆ ಬೆಚ್ಚುತ್ತಿಲ್ಲ, ಲೆಕ್ಕ ಹಾಕುತ್ತಿದೆ. ನಿಮ್ಮ ಮಗ ಐದನೇ ವಯಸ್ಸಿನಲ್ಲಿ ಕಲಿತ ಲೆಕ್ಕ ತಪ್ಪಲ್ಲ. ರಾತ್ರಿಯ ಜೋರು ಮಳೆಗೂ ಗುಡ್ಡಕ್ಕೂ ಸಂಬಂಧ ಇದೆ. ತಪ್ಪಿರುವುದು ಪ್ರಮಾಣದಲ್ಲಿ: ಎಲ್ಲ ಮಳೆಯೂ ಅವನಿಗೆ ಆ ರಾತ್ರಿಯ ಮಳೆಯೇ.

ಮೈಸೂರಿನ ವಿಷಯ. ಭಯ ಅಳಿಸಿಹೋಗುವುದಿಲ್ಲ. ಆರಿದಂತೆ ಕಂಡ ಪ್ರತಿಕ್ರಿಯೆ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಮರಳುವುದನ್ನು ಪಾವ್ಲೋವ್ ತನ್ನ ನಾಯಿಗಳಲ್ಲೇ ಕಂಡಿದ್ದ. 1970ರ ದಶಕದ ಕೊನೆಯಿಂದ ಮಾರ್ಕ್ ಬೌಟನ್ ಇದನ್ನು ಮುಂದುವರಿಸಿ ನೋಡಿದ. ಒಂದು ಜಾಗದಲ್ಲಿ ಕಲಿತ ಭಯವನ್ನು ಇನ್ನೊಂದು ಜಾಗದಲ್ಲಿ ಆರಿಸಿದರೆ, ಮೊದಲ ಜಾಗಕ್ಕೆ ಕಾಲಿಟ್ಟಾಗ ಅದು ಮತ್ತೆ ಎದ್ದು ಬರುತ್ತದೆ. ‘ಮಳೆ ಬಂದರೂ ಪರವಾಗಿಲ್ಲ’ ಎಂಬ ಹೊಸ ಪಾಠವನ್ನು ಮಗ ಮೈಸೂರಿನಲ್ಲಿ ಕಲಿತ. ಅದು ಮೈಸೂರಿನ ಪಾಠವಾಗಿಯೇ ಉಳಿಯಿತು. ಅವನದೂ ತಪ್ಪಿಲ್ಲ, ನಿಮ್ಮ ತಂಗಿಯದೂ ಇಲ್ಲ. ಈ ಮನೆಯ ಪಾಠ ಈ ಮನೆಯಲ್ಲೇ ಆಗಬೇಕು.

ಇನ್ನೊಂದು ಸೂಕ್ಷ್ಮ ಇದೆ. ಮೌರರ್ 1947ರಲ್ಲಿ ಎರಡು ಹಂತದ ವಿವರಣೆ ಕೊಟ್ಟ. ಭಯ ಹುಟ್ಟುವುದು ಪಾವ್ಲೋವ್ ಹೇಳಿದ ಹಾಗೆ. ಉಳಿಯುವುದು ಮಾತ್ರ ಬೇರೆ ದಾರಿಯಲ್ಲಿ: ತಪ್ಪಿಸಿಕೊಂಡ ಕ್ಷಣ ಹಾಯೆನಿಸುತ್ತದೆ, ಆ ಹಾಯೆನಿಸುವಿಕೆಯೇ ಬಹುಮಾನವಾಗಿ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಮನೆಯವರು ತುಂತುರು ಮಳೆಗೂ ನೆಂಟರ ಮನೆಗೆ ಹೊರಟುಬಿಟ್ಟರೆ, ಏನೂ ಆಗದೆ ಬೆಳಗಾಗುವುದನ್ನು ನೋಡುವ ಅವಕಾಶವೇ ಮಗನಿಗೆ ಸಿಗುವುದಿಲ್ಲ. ಆದರೆ ದಯವಿಟ್ಟು ಇದನ್ನು ತಪ್ಪಾಗಿ ತಿಳಿಯಬೇಡಿ. ಎಚ್ಚರಿಕೆ ಬಂದಾಗ ಹೊರಡಲೇಬೇಕು. 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದದ್ದನ್ನು ಮರೆತು ‘ಧೈರ್ಯ ಕಲಿ’ ಎಂದು ಯಾವ ಮಗುವನ್ನೂ ಗುಡ್ಡದ ಕೆಳಗೆ ಮಲಗಿಸುವುದು ಚಿಕಿತ್ಸೆಯಲ್ಲ.

ಹಾಗಾದರೆ ಏನು ಮಾಡಬೇಕು? ಯಾವ ಮಳೆ ಬರೀ ಮಳೆ, ಯಾವುದಕ್ಕೆ ಹೊರಡಬೇಕು ಎಂದು ಬೇರ್ಪಡಿಸಲು ಅವನಿಗೆ ಬರಬೇಕು. ಹವಾಮಾನ ಇಲಾಖೆ ಭಾರೀ ಮಳೆ ಎನ್ನುವುದು ದಿನಕ್ಕೆ 64.5 ಮಿಲಿಮೀಟರಿನಿಂದ, ಅತ್ಯಂತ ಭಾರೀ ಎನ್ನುವುದು 204.5ರಿಂದ. ಇದು ಅವನಿಗೆ ಗೊತ್ತಿರಲಿ. ಅದಕ್ಕಿಂತ ಮುಖ್ಯವಾಗಿ ಗುಡ್ಡ ನೋಡುವುದನ್ನು ಕಲಿಯಲಿ: ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು, ಹಲವು ದಿನ ಬಿಡದೆ ನೀರು ಕುಡಿದ ಮಣ್ಣು. ಹಗಲಲ್ಲಿ ದೊಡ್ಡವರ ಜೊತೆ ಹೋಗಿ ನೋಡಬೇಕು, ಒಬ್ಬನೇ ಅಲ್ಲ.

ಆಲ್ಬರ್ಟ್ ಬಂಡೂರಾ ಹಾವಿನ ಭಯ ಇದ್ದವರ ಜೊತೆ ಮಾಡಿದ ಕೆಲಸ ಇಂಥದ್ದೇ. ಹೆದರಬೇಡ ಎಂದು ಬಾಯಲ್ಲಿ ಹೇಳುವುದಕ್ಕಿಂತ, ಒಬ್ಬರು ಮಾಡಿ ತೋರಿಸಿ, ಆಮೇಲೆ ಕೈಹಿಡಿದು ಹೆಜ್ಜೆಹೆಜ್ಜೆಯಾಗಿ ಅವರಿಂದಲೇ ಮಾಡಿಸಿದಾಗ ಭಯ ಹೆಚ್ಚು ಇಳಿಯಿತು. ‘ಇದನ್ನು ನಾನು ನಿಭಾಯಿಸಬಲ್ಲೆ’ ಎಂಬ ನಂಬಿಕೆ ಬಂದದ್ದು ಮಾಡಿದ್ದರಿಂದ.

ಬೂಟು ಬಿಚ್ಚಿಸಬೇಡಿ. ಆ ರಾತ್ರಿ ಅವನ ಕಾಲಿಗೆ ಗಾಜು ಚುಚ್ಚಿತ್ತು, ಬೂಟಿಗೆ ಕಾರಣ ಇದೆ. ಮಂಚದ ಪಕ್ಕ ಇಡಬಹುದು ಎಂದು ಅವನಿಗೇ ಅನಿಸುವವರೆಗೆ ಕಾಯಿರಿ. ನಿದ್ದೆ ಪೂರ್ತಿ ಕೆಟ್ಟರೆ, ಊಟ ಬಿಟ್ಟರೆ, ಹಗಲಲ್ಲೂ ಆ ರಾತ್ರಿಯೇ ಕಣ್ಣಮುಂದೆ ಬರುತ್ತಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆತನ್ನಿ, ತಡಮಾಡಬೇಡಿ.

ಸಿದ್ದಾಪುರ ತೋಟ
ಜುಲೈ 6, ಸಂಜೆ 6:00

ಸ್ಪೀಕರಿನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮೇಡಂ ಮಳೆ ಅಳತೆ ಅಂದದ್ದಕ್ಕೆ ನೆನಪಾಯಿತು. ನಮ್ಮ ತೋಟಗಳಲ್ಲಿ ಮಳೆ ಅಳೆಯುವುದು ಹೊಸದಲ್ಲ, ಅಪ್ಪನ ಕಾಲದಿಂದ ಲೆಕ್ಕದ ಪುಸ್ತಕ ಇದೆ. ಇಂಚು ಮತ್ತು ಸೆಂಟ್, ನೂರು ಸೆಂಟಿಗೆ ಒಂದು ಇಂಚು. ಮೇಡಂ ಹೇಳಿದ 64.5 ಮಿಲಿಮೀಟರ್ ಅಂದರೆ ಎರಡೂವರೆ ಇಂಚು ಚಿಲ್ಲರೆ, 204.5 ಅಂದರೆ ಎಂಟು ಇಂಚಿನ ಮೇಲೆ. ಬೆಳಿಗ್ಗೆ ಎಂಟೂವರೆಗೆ ಒಂದೇ ಸಮಯಕ್ಕೆ ನೋಡಿ ಬರೆಯಬೇಕು. ನನ್ನ ಬಳಿ ಒಂದು ಹೆಚ್ಚುವರಿ ಮಳೆಮಾಪಕ ಇದೆ. ಮಡಿಕೇರಿ ಬಸ್ಸಿನಲ್ಲಿ ಕಳಿಸುತ್ತೇನೆ, ಹುಡುಗನಿಗೆ ಕೊಡಿ.

ಎರಡನೇ ವರ್ಷ ಬಿ.ಎಡ್.
ಜುಲೈ 6, ಸಂಜೆ 6:25

ಅಕ್ಕಾ, ಮಳೆ ಬರೆದಿದ್ದಕ್ಕೆ ದುಡ್ಡು, ಚಾಕೊಲೇಟ್ ಅಂತ ಕಟ್ಟಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ನೋಡಿದರು. ಆಮೇಲೆ ಆ ಮಕ್ಕಳು ತಾವಾಗಿ ಬಿಡಿಸುವುದೇ ಕಡಿಮೆಯಾಯಿತು. ಅವನಿಗೆ ಇಷ್ಟವಾದರೆ ಅವನೇ ಬರೆಯುತ್ತಾನೆ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಜುಲೈ 6, ರಾತ್ರಿ 8:15

ಚೆನ್ನಾಗಿ ಹೇಳಿದೆಯಮ್ಮ. ತಾಯಿ, ನೀವು ಒಪ್ಪಿದರೆ ಆ ಶಾಲೆಗೆ ನಾನೇ ಬಂದು ಅಲ್ಲಿನ ಶಿಕ್ಷಕರ ಜೊತೆ ಕೂತು ಮಾತಾಡುತ್ತೇನೆ. ದೂರು ಕೊಡುವುದಕ್ಕಲ್ಲ. ನನಗೆ ಆ ವಯಸ್ಸಿನಲ್ಲಿ ಯಾರೂ ಹೇಳದೆ ಇದ್ದದ್ದನ್ನು ಹೇಳುವುದಕ್ಕೆ.

ಹಟ್ಟಿಹೊಳೆ ದಾರಿ
ಆಗಸ್ಟ್ 19, ಬೆಳಿಗ್ಗೆ 9:10

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ಮಾಪಕ ಬಂದು ತಲುಪಿತು. ಅಂಗಳದ ನಡುವೆ, ಮರದ ಹನಿ ಬೀಳದ ಕಡೆ ಅವನೇ ಜಾಗ ಹುಡುಕಿದ. ಮೊದಲ ವಾರ ರಾತ್ರಿ ಎದ್ದು ಟಾರ್ಚ್ ಹಿಡಿದು ಹೋಗಿ ನೋಡುತ್ತಿದ್ದ. ನಾವೂ ಕೊಡೆ ಹಿಡಿದು ಜೊತೆಗೆ ನಿಂತೆವು. ಆಮೇಲೆ ಅವನ ಅಕ್ಕನೇ, "ಬೆಳಿಗ್ಗೆವರೆಗೆ ಬಿಡು, ಮಧ್ಯೆ ನೋಡಿದರೆ ಲೆಕ್ಕ ಕೆಡುತ್ತದೆ" ಅಂದಳು. ಅದು ಸರಿ ಅನಿಸಿತು ಅವನಿಗೆ.

ಕಕ್ಕಡ ತಿಂಗಳಲ್ಲಿ ಒಂದು ಬೆಳಿಗ್ಗೆ 6 ಇಂಚು 20 ಸೆಂಟ್ ಬಂದಿತ್ತು. ಅವನೂ ಅವರಪ್ಪನೂ ಹಿಂದೆ ಹೋಗಿ ನೋಡಿದರು. ಒರತೆ ನೀರು ಕೆಂಪಾಗಿತ್ತು. "ಅಪ್ಪಾ, ಇವತ್ತು ಹೊರಡುವ ಮಳೆ" ಅಂದ. ಅವನ ಕೈ ಆಗ ತಣ್ಣಗಿತ್ತೋ ಇಲ್ಲವೋ ನಾನು ಮುಟ್ಟಿ ನೋಡಲಿಲ್ಲ. ಅತ್ತೆ ಮೊಳೆಯಿಂದ ಚೀಲ ಇಳಿಸಿದರು, ಐದು ನಿಮಿಷದಲ್ಲಿ ಎಲ್ಲರೂ ಹೊರಟೆವು. ಮೂರು ದಿನ ಸುಂಟಿಕೊಪ್ಪದ ನೆಂಟರ ಮನೆಯಲ್ಲಿದ್ದೆವು. ಗುಡ್ಡ ಜಾರಲಿಲ್ಲ. ಮರಳಿ ಬಂದಾಗ, ಸುಮ್ಮನೆ ಹೋದೆವು ಅಂತ ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ.

ಮೇಷ್ಟ್ರು ಶಾಲೆಗೆ ಬಂದಿದ್ದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ನಾನು ಹೊರಗಿದ್ದೆ. ಈಗ ದಿನಾ ಪ್ರಾರ್ಥನೆಯಾದ ಮೇಲೆ ಹಿಂದಿನ ದಿನದ ಮಳೆ ಎಷ್ಟು ಅಂತ ಇವನು ಬೋರ್ಡಿನ ಮೇಲೆ ಬರೆಯುತ್ತಾನೆ.

ಬೂಟು ಇನ್ನೂ ಇದೆ. ವಾರದಲ್ಲಿ ಮೂರ್ನಾಲ್ಕು ರಾತ್ರಿ ಕಾಲಲ್ಲಿ, ಉಳಿದ ರಾತ್ರಿ ಮಂಚದ ಕೆಳಗೆ. ನಿನ್ನೆ 1 ಇಂಚು 35 ಸೆಂಟ್, ರಾತ್ರಿಯಿಡೀ ಶೀಟಿನ ಮೇಲೆ ಸದ್ದಿತ್ತು. ಒಂದು ಸಲ ಎದ್ದ, ಕಿವಿಗೊಟ್ಟು ಕೇಳಿದ, "ಎರಡು ಇಂಚೂ ಇಲ್ಲ ಅಮ್ಮ" ಅಂತ ಹೇಳಿ ಮಗ್ಗುಲಾದ.

ಸಿದ್ದಾಪುರದ ಅಣ್ಣಾ, ಅಳತೆ ಗ್ಲಾಸಿಗೆ ಒಂದು ಸಣ್ಣ ಬಿರುಕು ಬಿಟ್ಟಿದೆ. ಬೇರೆ ಗ್ಲಾಸು ಕುಶಾಲನಗರದಲ್ಲಿ ಸಿಗುತ್ತದೆಯೇ, ಇಲ್ಲಾ ಮೈಸೂರಿನಿಂದಲೇ ತರಿಸಬೇಕೇ? ಅವನು ದಿನಾ ಕೇಳುತ್ತಿದ್ದಾನೆ.